ವಿಶ್ವವಿದ್ಯಾಲಯದ ನೌಕರರ ಸಂಘ ಕಟ್ಟುವುದು ಹೇಗೆ: ಕೊಡಗಿನ ಸಿಬ್ಬಂದಿಗೆ ಒಂದು ಕೈಪಿಡಿ

ಯಾವುದೇ ವಿಶ್ವವಿದ್ಯಾಲಯದ ಗೇಟಿನ ಬಳಿ ಬೆಳಿಗ್ಗೆ ಹತ್ತು ಗಂಟೆಗೆ ನಿಂತು ನೋಡಿ. ನಾಲ್ಕೈದು ಬಗೆಯ ನೇಮಕಾತಿ ಆದೇಶಗಳು ಒಟ್ಟಿಗೆ ಒಳಗೆ ಹೋಗುತ್ತವೆ. ಕಾಯಂ ಗುಮಾಸ್ತರು, ಸರ್ಕಾರದಿಂದ ನಿಯೋಜನೆ ಮೇಲೆ ಬಂದವರು, ಅತಿಥಿ ಉಪನ್ಯಾಸಕರು, ಏಜೆನ್ಸಿ ಮೂಲಕ ಬಂದ ಡಾಟಾ ಎಂಟ್ರಿಯವರು, ಕಾವಲಿನವರು, ಹಾಸ್ಟೆಲ್ ಅಡುಗೆಯವರು, ಸ್ವಚ್ಛತೆಯವರು. ಎಲ್ಲರೂ ಕೆಲಸ ಮಾಡುವುದು ಒಂದೇ ಕಟ್ಟಡದಲ್ಲಿ. ಸಂಬಳ ಬರುವ ದಾರಿ ಬೇರೆ, ಬರುವ ದಿನ ಬೇರೆ, ಕೆಲಸ ಹೋದರೆ ಕೇಳಬೇಕಾದ ಬಾಗಿಲು ಬೇರೆ. ಸಂಘ ಕಟ್ಟುವ ಕಷ್ಟವೆಲ್ಲ ಇಲ್ಲಿಂದಲೇ ಶುರು. ಆದ್ದರಿಂದ ಈ ಕೈಪಿಡಿಯ ಉದ್ದಕ್ಕೂ ಒಂದು ಮಾತನ್ನು ಹಿಡಿದಿದ್ದೇವೆ: ಅತ್ಯಂತ ಸಡಿಲವಾದ ಆದೇಶ ಕೈಯಲ್ಲಿರುವವರಿಗೆ ಸಂಘದ ನಿಯಮಾವಳಿಯಲ್ಲಿ ಮೊದಲು ಜಾಗ ಮಾಡಿ, ಕಾಯಂ ನೌಕರರ ವಿಷಯ ಆಮೇಲೆ ಬರಲಿ. ಕೆಳಗಿನವರನ್ನು ಬಿಟ್ಟು ಕಟ್ಟಿದ ಸಂಘದ ಸದಸ್ಯರ ಸಂಖ್ಯೆ ಪ್ರತಿ ನಿವೃತ್ತಿಯ ಜೊತೆಗೂ ಕರಗುತ್ತದೆ, ಏಕೆಂದರೆ ಖಾಲಿಯಾದ ಕಾಯಂ ಹುದ್ದೆಗೆ ಬರುವವರು ಹೆಚ್ಚಾಗಿ ಹೊರಗುತ್ತಿಗೆಯವರೇ.

"ಇದೇನು ಕಾರ್ಖಾನೆಯೇ?" ಎಂಬ ಪ್ರಶ್ನೆಗೆ ಉತ್ತರ

ಈ ಪ್ರಶ್ನೆ ಮೊದಲ ದಿನವೇ ಬರುತ್ತದೆ, ಕೆಲವೊಮ್ಮೆ ನಿಮ್ಮ ಪಕ್ಕದ ಮೇಜಿನಿಂದಲೇ. ಉತ್ತರ ಕೊಡಲು ಸ್ವಲ್ಪ ಇತಿಹಾಸ ಗೊತ್ತಿರಬೇಕು.

1918ರ ಏಪ್ರಿಲ್‌ನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಿನ್ನಿ ಕಂಪನಿಯ ಗಿರಣಿಗಳ ಕಾರ್ಮಿಕರ ಪರ ನಿಂತದ್ದಕ್ಕೆ ವಾಡಿಯಾ ಮತ್ತಿತರರ ಮೇಲೆ ಕಂಪನಿ ದಾವೆ ಹೂಡಿತು, ಮದ್ರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕೆಲಸಗಾರರು ಒಟ್ಟಾಗಿ ಕೆಲಸ ನಿಲ್ಲಿಸುವುದೇ ಒಳಸಂಚು ಎಂದು ನ್ಯಾಯಾಲಯ ಕಾಣಬಹುದಾದ ಕಾಲ ಅದು. ಕೇಂದ್ರ ಶಾಸನಸಭೆಯಲ್ಲಿ ಕಾರ್ಮಿಕ ನಾಯಕ ಎನ್.ಎಂ. ಜೋಶಿ ಈ ವಿಷಯ ಎತ್ತಿದರು. ಅದರ ಫಲವೇ 1926ರ ಕಾರ್ಮಿಕ ಸಂಘಗಳ ಕಾಯ್ದೆ. ನೋಂದಾಯಿತ ಸಂಘದ ಪದಾಧಿಕಾರಿಗಳ ಮೇಲೆ ಬರೀ ಒಟ್ಟಾದದ್ದಕ್ಕೆ ಒಳಸಂಚಿನ ಮೊಕದ್ದಮೆ ಹಾಕುವಂತಿಲ್ಲ, ಮುಷ್ಕರದ ನಷ್ಟಕ್ಕೆ ಸಿವಿಲ್ ದಾವೆ ಹೂಡುವಂತಿಲ್ಲ ಎಂಬ ರಕ್ಷಣೆ ಅಲ್ಲಿಂದ ಬಂತು. ನೋಂದಣಿ ಬೇಕೆಂದು ಒತ್ತಿ ಹೇಳುವುದಕ್ಕೆ ಮೊದಲ ಕಾರಣ ಇದು.

ವಿಶ್ವವಿದ್ಯಾಲಯಕ್ಕೆ ಕಾರ್ಮಿಕ ಕಾನೂನಿನ ನೆರಳು ಸಿಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. ದೆಹಲಿ ವಿಶ್ವವಿದ್ಯಾಲಯದ ಬಸ್ ಚಾಲಕರನ್ನು ಕೆಲಸದಿಂದ ತೆಗೆದ ಪ್ರಕರಣದಲ್ಲಿ 1963ರಲ್ಲಿ ಸುಪ್ರೀಂ ಕೋರ್ಟ್, ಮಾಲೀಕ ಮತ್ತು ನೌಕರರ ವಿವಾದಗಳ ಕಾನೂನಾದ ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ವಿಶ್ವವಿದ್ಯಾಲಯ 'ಉದ್ಯಮ' ಅಲ್ಲ ಎಂದಿತು. ಚಾಲಕರು ಬರಿಗೈಯಲ್ಲಿ ಮರಳಿದರು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಈ ನಿಲುವನ್ನು ತಿರುಗಿಸಿತು. ಆ ಮೊಕದ್ದಮೆ ಹೋದದ್ದು ನಮ್ಮ ರಾಜ್ಯದಿಂದಲೇ: ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಒಂದು ಕಡೆ, ಅದರ ನೌಕರ ರಾಜಪ್ಪ ಮತ್ತಿತರರು ಇನ್ನೊಂದು ಕಡೆ. ವ್ಯವಸ್ಥಿತ ಚಟುವಟಿಕೆ, ಮಾಲೀಕ ಮತ್ತು ನೌಕರರ ಸಹಕಾರ, ಜನರಿಗೆ ಬೇಕಾದ ಸರಕು ಅಥವಾ ಸೇವೆ ಈ ಮೂರೂ ಇದ್ದರೆ ಅದು ಉದ್ಯಮ, ಶಿಕ್ಷಣ ಸಂಸ್ಥೆಯೂ ಅದರೊಳಗೆ ಬರುತ್ತದೆ ಎಂಬುದು ತೀರ್ಪಿನ ಸಾರ. ಇದನ್ನು ಮರುಪರಿಶೀಲಿಸುವ ಪ್ರಶ್ನೆಯನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಗಿದೆ. ಹಾಗಾಗಿ ಅರ್ಜಿ ಹಾಕುವ ಹೊತ್ತಿಗೆ ಕಾನೂನಿನ ಸ್ಥಿತಿಯನ್ನು ವಕೀಲರಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಬೋಧಕರ ಮಟ್ಟಿಗೆ ಒಂದು ತೊಡಕಿದೆ. ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟ್, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ 'ಕೆಲಸಗಾರ' ಅಲ್ಲ ಎಂದು ಹೇಳಿತು. ಅಂದರೆ ಬೋಧಕರು ಸಂಘದ ಸದಸ್ಯರಾಗಬಹುದು, ಆದರೆ ತಮ್ಮನ್ನು ತೆಗೆದುಹಾಕಿದ್ದರ ವಿರುದ್ಧ ಕಾರ್ಮಿಕ ನ್ಯಾಯಾಲಯದ ಬಾಗಿಲು ಅವರಿಗೆ ತೆರೆಯುವುದು ಕಷ್ಟ, ಹೈಕೋರ್ಟಿಗೆ ರಿಟ್ ಅರ್ಜಿಯೇ ದಾರಿ. ಇದನ್ನು ಸದಸ್ಯತ್ವ ಮಾಡಿಸುವಾಗಲೇ ಅತಿಥಿ ಉಪನ್ಯಾಸಕರಿಗೆ ಬಿಡಿಸಿ ಹೇಳಬೇಕು. ಮುಚ್ಚಿಟ್ಟರೆ ಮೊದಲ ಪೆಟ್ಟಿಗೇ ಸಂಘ ಒಡೆಯುತ್ತದೆ.

ಈಗ ಯಾವ ಕಾನೂನು

1926ರ ಕಾಯ್ದೆ, 1947ರ ಕೈಗಾರಿಕಾ ವಿವಾದ ಕಾಯ್ದೆ ಎರಡೂ ಈಗ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೊಳಗೆ ಸೇರಿವೆ. ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಹಳೆಯ ಕಾಯ್ದೆಯಡಿ ಊರ್ಜಿತದಲ್ಲಿದ್ದ ನೋಂದಣಿ ಹೊಸದರಲ್ಲೂ ನಡೆಯುತ್ತದೆ, ಆದರೆ ನಿಯಮಾವಳಿಯನ್ನು ಹೊಸ ಕಾನೂನಿಗೆ ತಕ್ಕಂತೆ ತಿದ್ದಿ ನೋಂದಣಾಧಿಕಾರಿಗೆ ತಿಳಿಸಬೇಕು. ಹೊಸದಾಗಿ ಕಟ್ಟುವವರು ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ಅರ್ಜಿ ನಮೂನೆಯನ್ನು ನಂಬಬೇಡಿ. ಮಡಿಕೇರಿಯ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ಎರಡು ಪ್ರಶ್ನೆ ಕೇಳಿ: ಈಗ ಚಾಲ್ತಿಯಲ್ಲಿರುವ ನಮೂನೆ ಯಾವುದು, ನಮ್ಮ ಜಿಲ್ಲೆಯ ಅರ್ಜಿ ಯಾವ ನೋಂದಣಾಧಿಕಾರಿಗೆ ಹೋಗುತ್ತದೆ. ತಪ್ಪು ಕಚೇರಿಗೆ ಹೋದ ಅರ್ಜಿ ತಿಂಗಳುಗಟ್ಟಲೆ ಅಲ್ಲೇ ಮಲಗುತ್ತದೆ.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯಲ್ಲಿ ನೋಂದಾಯಿಸುವ ಇನ್ನೊಂದು ದಾರಿಯೂ ಇದೆ. ಅನೇಕ ಅಧ್ಯಾಪಕರ ಸಂಘಗಳು ಹೀಗೇ ಇವೆ. ಸನ್ಮಾನ, ವಿಚಾರ ಸಂಕಿರಣ, ಕ್ಷೇಮನಿಧಿ ಇಷ್ಟಕ್ಕೆ ಇದು ಸಾಕು. ಮಾತುಕತೆಗೆ ಕೂರುವ ಹಕ್ಕು, ರಾಜಿ ಸಂಧಾನಾಧಿಕಾರಿಯ (ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿಯ) ಮುಂದೆ ವಿವಾದ ಒಯ್ಯುವ ಹಕ್ಕು, ಮೇಲೆ ಹೇಳಿದ ರಕ್ಷಣೆ ಇವು ಬೇಕಿದ್ದರೆ ಕಾರ್ಮಿಕ ಸಂಘವಾಗಿಯೇ ನೋಂದಾಯಿಸಿ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಕಾಯಂ ಸಿಬ್ಬಂದಿ ನೇರವಾಗಿ ಸರ್ಕಾರಿ ನೌಕರರು. ಅವರಿಗೆ ಸರ್ಕಾರಿ ನಡತೆ ನಿಯಮಗಳು ಅನ್ವಯಿಸುತ್ತವೆ, ಅವರ ಸಂಘದ ದಾರಿ ಬೇರೆ. ಅವರನ್ನು ನಿಮ್ಮ ಪಟ್ಟಿಗೆ ಸೇರಿಸಿದರೆ ಆಕ್ಷೇಪಣೆ ಖಂಡಿತ.

ಎಲ್ಲಿಯವರೆಗೆ ಬೇಲಿ ಹಾಕುವುದು

ಸಂಘದ ವ್ಯಾಪ್ತಿಯನ್ನು ಮೊದಲು ತೀರ್ಮಾನಿಸಿ, ಹೆಸರು ಆಮೇಲೆ ಇಡಿ. ಕೊಡಗು ವಿಶ್ವವಿದ್ಯಾಲಯ ಒಂದು ಸಂಸ್ಥೆ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮಡಿಕೇರಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇನ್ನೊಂದು. 'ಕೊಡಗು ಜಿಲ್ಲೆಯ ಉನ್ನತ ಶಿಕ್ಷಣ ನೌಕರರ ಸಂಘ' ಎಂದು ಎಲ್ಲವನ್ನೂ ಒಳಗೊಳ್ಳುವ ಹೆಸರು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ನೋಂದಣಿಗೆ ಬೇಕಾದ ಸದಸ್ಯರ ಲೆಕ್ಕ ಆ ವಿಶಾಲ ವ್ಯಾಪ್ತಿಗೇ ನಡೆಯುತ್ತದೆ.

ಲೆಕ್ಕ ಹೀಗೆ: ಆ ಸಂಸ್ಥೆಯಲ್ಲಿ ಅಥವಾ ಉದ್ಯಮದಲ್ಲಿ ಕೆಲಸ ಮಾಡುವವರ ಶೇ. 10 ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ಏನೇ ಆದರೂ 7ಕ್ಕಿಂತ ಕಡಿಮೆ ಇರಕೂಡದು. 180 ಜನ ಇರುವ ಕಡೆ 18 ಸದಸ್ಯರು ಬೇಕು. 60 ಜನ ಇರುವ ಕಡೆ ಶೇ. 10 ಅಂದರೆ 6 ಆದರೂ 7 ಬೇಕು. ಇಷ್ಟೇ ಸಂಖ್ಯೆಗೆ ನಿಲ್ಲಿಸಬೇಡಿ. ಅರ್ಜಿ ಹಾಕಿದ ಮೇಲೆ ಏಜೆನ್ಸಿ ಬದಲಾಗಬಹುದು, ಇಬ್ಬರು ಹೆದರಿ ಹಿಂದೆ ಸರಿಯಬಹುದು, ಒಬ್ಬರಿಗೆ ವರ್ಗಾವಣೆ ಆಗಬಹುದು. 18 ಬೇಕಿದ್ದರೆ 30 ಸಹಿ ಇಟ್ಟುಕೊಳ್ಳಿ. ಒಂದು ಸಂಸ್ಥೆಯಿಂದ ಆರಂಭಿಸಿ, ಎರಡು ವರ್ಷ ನಡೆಸಿ, ಆಮೇಲೆ ನಿಯಮ ತಿದ್ದುಪಡಿ ಮಾಡಿ ಬೇಲಿ ವಿಸ್ತರಿಸುವುದು ನಮ್ಮ ಸಲಹೆ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಘ 1919ರಿಂದಲೇ ಇತ್ತು. ಕಾಲೇಜು ಅಧ್ಯಾಪಕರ ಬೇರೆ ಸಂಘದ ಜೊತೆ ಅದು ಒಂದಾದದ್ದು 2006ರಲ್ಲಿ.

ಗುರಿಗಳನ್ನು ಬರೆಯುವ ಬಗೆ

ನಿಯಮಾವಳಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಪುಟ ಇದು. ಗುರಿಯಲ್ಲಿ ಬರೆಯದ ಕೆಲಸಕ್ಕೆ ನಾಳೆ ಸಂಘದ ಹಣ ಖರ್ಚು ಮಾಡಲು ಬರುವುದಿಲ್ಲ. ಬೇರೆ ಸಂಘದ ಬೈಲಾ ತಂದು ಹೆಸರು ಬದಲಿಸಿದರೆ 'ಗಿರಣಿಯ ಪಾಳಿ', 'ಉತ್ಪಾದನಾ ಬೋನಸ್' ಎಂಬ ಮಾತುಗಳು ಹಾಗೇ ಉಳಿದು, ಹಾಸ್ಟೆಲ್ ಅಡುಗೆಯವರ ವಾರದ ರಜೆ ಎಲ್ಲೂ ಇಲ್ಲದಂತಾಗುತ್ತದೆ. ಈ ಮಾದರಿಯನ್ನು ನಿಮ್ಮ ಸ್ಥಿತಿಗೆ ತಕ್ಕಂತೆ ತಿದ್ದಿಕೊಳ್ಳಿ:

"ಸಂಘದ ಗುರಿಗಳು: ಕಾಯಂ, ತಾತ್ಕಾಲಿಕ, ಅತಿಥಿ, ದಿನಗೂಲಿ, ಹೊರಗುತ್ತಿಗೆ ಎಂಬ ಭೇದವಿಲ್ಲದೆ ವಿಶ್ವವಿದ್ಯಾಲಯದ ಮತ್ತು ಅದರ ಘಟಕ ಕಾಲೇಜುಗಳ ಎಲ್ಲ ನೌಕರರನ್ನು ಒಟ್ಟುಗೂಡಿಸುವುದು. ಪ್ರತಿ ತಿಂಗಳ ವೇತನ ಮುಂದಿನ ತಿಂಗಳ 7ರೊಳಗೆ ಪಾವತಿಯಾಗುವಂತೆ ನೋಡಿಕೊಳ್ಳುವುದು. ಭವಿಷ್ಯನಿಧಿ, ಇಎಸ್‌ಐ (ನೌಕರರ ರಾಜ್ಯ ವಿಮೆ), ಉಪದಾನ (ಗ್ರಾಚ್ಯುಟಿ), ಹೆರಿಗೆ ರಜೆ ಮುಂತಾದ ಶಾಸನಬದ್ಧ ಸೌಲಭ್ಯಗಳನ್ನು ದೊರಕಿಸುವುದು. ಏಜೆನ್ಸಿ ಬದಲಾದಾಗಲೂ, ವಿಶ್ವವಿದ್ಯಾಲಯ ವಿಲೀನಗೊಂಡಾಗಲೂ ಅಥವಾ ಪುನರ್ರಚನೆಗೊಂಡಾಗಲೂ ಸದಸ್ಯರ ಸೇವೆ ಮುಂದುವರಿಯುವಂತೆ ಶ್ರಮಿಸುವುದು. ಕೆಲಸದ ಸ್ಥಳದಲ್ಲಿ ಸುರಕ್ಷತೆ, ಮಹಿಳೆಯರ ಘನತೆ ಮತ್ತು ಜಾತಿ ತಾರತಮ್ಯವಿಲ್ಲದ ವಾತಾವರಣವನ್ನು ಕಾಪಾಡುವುದು. ಸದಸ್ಯರಿಗೆ ಕಾನೂನು ನೆರವು ನೀಡುವುದು."

ವಿಲೀನದ ಮಾತು ಕೊಡಗಿನಲ್ಲಿ ಊಹೆಯ ವಿಷಯವಲ್ಲ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಇಲ್ಲಿಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಚಿಕ್ಕ ಅಳುವಾರದ ಜ್ಞಾನ ಕಾವೇರಿ ಅದರ ಸ್ನಾತಕೋತ್ತರ ಕೇಂದ್ರವಾಗಿತ್ತು. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಬೇರೆಯಾಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚಬೇಕೆಂದು ಶಿಫಾರಸು ಮಾಡಿದಾಗ ಪಟ್ಟಿಯಲ್ಲಿ ಕೊಡಗೂ ಇತ್ತು. ಇಂಥ ಹೊತ್ತಿನಲ್ಲಿ ವಿದ್ಯಾರ್ಥಿಗಳ ಪ್ರವೇಶ, ಕಟ್ಟಡ, ಅನುದಾನದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಏಜೆನ್ಸಿ ಮೂಲಕ ಇರುವವರ ಎಂಟು ವರ್ಷದ ಸೇವೆ ಯಾವ ಕಡತದಲ್ಲಿ ಉಳಿಯುತ್ತದೆ ಎಂದು ಕೇಳುವ ಕೆಲಸ ಸಂಘದ್ದು.

ಗುರಿಗಳಲ್ಲಿ 'ಎಲ್ಲರನ್ನೂ ಕಾಯಂಗೊಳಿಸುವುದು' ಎಂದು ಬರೆಯಬೇಡಿ, ಆ ಆಸೆ ತೋರಿಸಿ ಸದಸ್ಯತ್ವ ಮಾಡಿಸಲೂ ಬೇಡಿ. 2006ರ ಉಮಾದೇವಿ ತೀರ್ಪು, ಅದೂ ಕರ್ನಾಟಕದ ದಿನಗೂಲಿ ನೌಕರರ ಪ್ರಕರಣವೇ, ನಿಯಮಬದ್ಧ ನೇಮಕಾತಿ ಇಲ್ಲದವರು ಕಾಯಂ ಆಗಬೇಕೆಂದು ಹಕ್ಕಿನಿಂದ ಕೇಳುವಂತಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಮೀರಿ ದುಡಿದವರಿಗೆ ಒಂದು ಬಾರಿಯ ಅವಕಾಶ ಮಾತ್ರ ಕೊಟ್ಟಿತು. 2024ರ ಡಿಸೆಂಬರ್‌ನ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಆ ತೀರ್ಪನ್ನು ದೀರ್ಘಕಾಲ ದುಡಿದವರನ್ನು ಹೊರಹಾಕುವ ಆಯುಧವಾಗಿ ಬಳಸಬಾರದು ಎಂದು ಹೇಳಿತು. ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಒಳಗೆ ಹೋಗಲು ದಾಖಲೆ ಬೇಕು: ಮೊದಲ ಆದೇಶದ ಪ್ರತಿ, ವರ್ಷವಾರು ಹಾಜರಾತಿ, ಬ್ಯಾಂಕ್ ಪಾಸ್‌ಬುಕ್, ಭವಿಷ್ಯನಿಧಿ ಖಾತೆಯ ವಿವರ. ಇವನ್ನು ಪ್ರತಿ ಸದಸ್ಯರಿಂದ ಸೇರುವ ದಿನವೇ ಸಂಗ್ರಹಿಸಿಡುವುದು ಸಂಘದ ಅತಿ ಬೆಲೆಬಾಳುವ ಕೆಲಸ.

ನಿಯಮಾವಳಿಯ ಉಳಿದ ಭಾಗ

ಕಾನೂನು ಕೇಳುವ ವಿಷಯಗಳು ಹೆಚ್ಚಿಲ್ಲ: ಸಂಘದ ಹೆಸರು, ಗುರಿಗಳು, ನಿಧಿಯನ್ನು ಯಾವುದಕ್ಕೆ ಬಳಸಬಹುದು, ಸದಸ್ಯರ ಪಟ್ಟಿ ಇಡುವ ಮತ್ತು ಅದನ್ನು ನೋಡಲು ಬಿಡುವ ಕ್ರಮ, ಯಾರು ಸದಸ್ಯರಾಗಬಹುದು, ವಂತಿಗೆ, ದಂಡ, ನಿಯಮ ತಿದ್ದುವ ರೀತಿ, ಪದಾಧಿಕಾರಿಗಳ ಆಯ್ಕೆ ಮತ್ತು ಪದಚ್ಯುತಿ, ಹಣದ ಸುರಕ್ಷತೆ ಮತ್ತು ವಾರ್ಷಿಕ ಲೆಕ್ಕಪರಿಶೋಧನೆ, ವಿಸರ್ಜನೆ. ಇವುಗಳಲ್ಲಿ ಒಂದು ತಪ್ಪಿದರೂ ಅರ್ಜಿ ವಾಪಸು ಬರುತ್ತದೆ, ಹೆಚ್ಚಾಗಿ ಬಿಟ್ಟುಹೋಗುವುದು ಕೊನೆಯದು.

ಪದಾಧಿಕಾರಿಗಳಲ್ಲಿ ಹೊರಗಿನವರು, ಅಂದರೆ ಅಲ್ಲಿ ಕೆಲಸ ಮಾಡದವರು, ಒಟ್ಟು ಸಂಖ್ಯೆಯ ಮೂರನೇ ಒಂದು ಅಥವಾ ಐವರು, ಯಾವುದು ಕಡಿಮೆಯೋ ಅಷ್ಟಕ್ಕೆ ಮೀರಬಾರದು. ಒಂಬತ್ತು ಜನರ ಕಾರ್ಯಕಾರಿ ಸಮಿತಿಯಲ್ಲಿ ಮೂವರು. ಕೊಡಗಿನಲ್ಲಿ ಕಾಫಿ ತೋಟದ ಕಾರ್ಮಿಕ ಸಂಘಗಳ ಅನುಭವಿಗಳು ಸಿಗುತ್ತಾರೆ. ಒಬ್ಬರನ್ನು ಸಲಹೆಗಾರರಾಗಿ ಸೇರಿಸಿಕೊಂಡರೆ ಸಂಧಾನದ ಮೇಜಿನಲ್ಲಿ ದೊಡ್ಡ ಬಲ. ಆದರೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಒಳಗಿನವರೇ ಇರಲಿ, ಮೂವರಲ್ಲಿ ಒಬ್ಬರು ಹೊರಗುತ್ತಿಗೆಯವರು ಕಡ್ಡಾಯ ಎಂದು ನಿಯಮದಲ್ಲೇ ಬರೆದುಬಿಡಿ. ಅವಧಿ ಎರಡು ವರ್ಷ ಇಡುವುದು ವಾಸಿ.

ಹಳೆಯ ಕಾಯ್ದೆಯಲ್ಲಿ ಸಾಮಾನ್ಯ ನೌಕರರ ಕನಿಷ್ಠ ವಂತಿಗೆ ವರ್ಷಕ್ಕೆ 12 ರೂಪಾಯಿ ಇತ್ತು. ಅದರಲ್ಲಿ ಸಂಘ ನಡೆಯದು. ತಿಂಗಳಿಗೆ 30 ರೂಪಾಯಿ ಇಟ್ಟರೆ 120 ಸದಸ್ಯರಿಂದ ವರ್ಷಕ್ಕೆ 43,200 ರೂಪಾಯಿ. ನೋಂದಣಿ, ಪ್ರಯಾಣ, ಒಂದೆರಡು ನೋಟಿಸು, ಲೆಕ್ಕಪರಿಶೋಧನೆಗೆ ಸಾಕು. ಎಲ್ಲರಿಗೂ ಒಂದೇ ದರ ಬೇಡ: 15,000 ರೂಪಾಯಿಯವರಿಂದ 20, ಕಾಯಂ ಅಧ್ಯಾಪಕರಿಂದ 100 ಎಂದು ಮಟ್ಟ ಮಾಡಿ. ಮತದ ಬೆಲೆ ಮಾತ್ರ ಒಂದೇ.

ಮಹಾಸಭೆಯ ದಿನ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಭೆ ಇಟ್ಟರೆ ಕೋರಂ ಸಿಗುವ ಭರವಸೆ ಇಲ್ಲ. ಮಳೆಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆದರೆ ವಿರಾಜಪೇಟೆ ಕಡೆಯವರು ಬರುವಂತೆಯೇ ಇಲ್ಲ. ಕೈಲ್ ಮುಹೂರ್ತ, ಕಾವೇರಿ ಸಂಕ್ರಮಣ, ಪುತ್ತರಿ ದಿನಗಳನ್ನು ಬಿಡಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಒಂದೆರಡು ಎಕರೆ ಇರುವವರೆಲ್ಲ ರಜೆ ಹಾಕುತ್ತಾರೆ. ಉಳಿಯುವುದು ಮಾರ್ಚ್, ಏಪ್ರಿಲ್ ಮತ್ತು ಅಕ್ಟೋಬರ್‌ನ ಕೊನೆ. ಅದರಲ್ಲೂ ಪರೀಕ್ಷೆ, ಮೌಲ್ಯಮಾಪನದ ವಾರಗಳನ್ನು ತಪ್ಪಿಸಿ. ಎರಡನೇ ಶನಿವಾರ ಬೆಳಿಗ್ಗೆ 11ಕ್ಕೆ, ಬಸ್ ಹೆಚ್ಚಿರುವ ಕುಶಾಲನಗರ ಅಥವಾ ಮಡಿಕೇರಿಯಲ್ಲಿ, ಕ್ಯಾಂಪಸ್ಸಿನ ಹೊರಗಿನ ಜಾಗದಲ್ಲಿ ಇಡಿ. ಕಚೇರಿ ಅವಧಿಯಲ್ಲಿ, ಕಚೇರಿ ಸಭಾಂಗಣದಲ್ಲಿ ಮಾಡಿದ ಮೊದಲ ಸಭೆಗೇ ಕಾರಣ ಕೇಳುವ ನೋಟಿಸ್ ಬರುವುದುಂಟು.

ಚರ್ಚೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಯಾವುದರಲ್ಲೂ ನಡೆಯಲಿ. ಕೆಳದರ್ಜೆಯ ಕೆಲಸದವರು ಬಾಯಿ ಬಿಡುವುದೇ ಆಗ. ನಡಾವಳಿ ಕನ್ನಡದಲ್ಲಿ ಬರೆದು, ಮುಗಿಯುವ ಮುನ್ನ ಓದಿ ಹೇಳಿ ಸಹಿ ಪಡೆಯಿರಿ. ಮೂರು ನಿರ್ಣಯ ಬೇಕೇ ಬೇಕು: ಸಂಘ ಸ್ಥಾಪಿಸಿ ನಿಯಮಾವಳಿ ಅಂಗೀಕರಿಸಿದ್ದು, ಪದಾಧಿಕಾರಿಗಳನ್ನು ಆರಿಸಿದ್ದು, ಅರ್ಜಿ ಸಲ್ಲಿಸಲು ಇಂಥವರಿಗೆ ಅಧಿಕಾರ ಕೊಟ್ಟದ್ದು. ಪ್ರತಿಯೊಂದರ ಕೆಳಗೂ ಸೂಚಕರು, ಅನುಮೋದಕರು, ಪರ ಮತ್ತು ವಿರೋಧ ಮತಗಳ ಸಂಖ್ಯೆ. ಹಾಳೆಗಳಲ್ಲಿ ಬರೆದು ಆಮೇಲೆ ಅಂಟಿಸುವ ಪದ್ಧತಿ ಬೇಡ. ಪುಟ ಸಂಖ್ಯೆ ಮುದ್ರಿಸಿದ ಗಟ್ಟಿ ರಟ್ಟಿನ ಪುಸ್ತಕವನ್ನೇ ಕೊಳ್ಳಿ.

ಅರ್ಜಿ ಮತ್ತು ಅದು ವಾಪಸು ಬರುವ ಕಾರಣಗಳು

ಅರ್ಜಿಯ ಜೊತೆ ಇರಬೇಕಾದ್ದು: ಪ್ರಮಾಣಪತ್ರದ ರೂಪದ ಘೋಷಣೆ, ನಿಯಮಾವಳಿ ಮತ್ತು ಅದನ್ನು ಅಂಗೀಕರಿಸಿದ ನಿರ್ಣಯದ ಪ್ರತಿ, ಅರ್ಜಿದಾರರಿಗೆ ಅಧಿಕಾರ ಕೊಟ್ಟ ನಿರ್ಣಯದ ಪ್ರತಿ. ಅರ್ಜಿದಾರ ಸದಸ್ಯರ ಹೆಸರು, ಹುದ್ದೆ, ಕೆಲಸದ ಸ್ಥಳ, ಪದಾಧಿಕಾರಿಗಳ ವಯಸ್ಸು, ವಿಳಾಸ ಎಲ್ಲವೂ ಗುರುತಿನ ಚೀಟಿಯಲ್ಲಿರುವಂತೆಯೇ ಇರಲಿ. ಕೊಡಗಿನ ಹೆಸರುಗಳಲ್ಲಿ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ಮನೆತನದ ಹೆಸರು ಮುಂದೆ, ಏಜೆನ್ಸಿಯ ಹಾಜರಿ ಪುಸ್ತಕದಲ್ಲಿ ಬರೀ ಕರೆಯುವ ಹೆಸರು, ಬ್ಯಾಂಕಿನಲ್ಲಿ ಇನಿಷಿಯಲ್. ಮೂರೂ ಒಬ್ಬರೇ ಎಂದು ತೋರಿಸಲು ಪಕ್ಕದಲ್ಲಿ ಒಂದು ಕಾಲಂ ಹಾಕಿ.

ಮತ್ತೆ ಮತ್ತೆ ಆಗುವ ತಪ್ಪುಗಳು: ಈಗಾಗಲೇ ಇರುವ ಸಂಘಕ್ಕೆ ಹತ್ತಿರದ ಹೆಸರು ಇಡುವುದು, ನೌಕರರ ಬದಲು ಆಡಳಿತದ ಅಧಿಕಾರಿಗಳನ್ನೇ ಪದಾಧಿಕಾರಿ ಮಾಡುವುದು, ಸಂಘದ ವಿಳಾಸವಾಗಿ ವಿಶ್ವವಿದ್ಯಾಲಯದ ವಿಳಾಸವನ್ನು ಅನುಮತಿ ಇಲ್ಲದೆ ಕೊಡುವುದು, ಹೊರಗುತ್ತಿಗೆಯವರ 'ಉದ್ಯೋಗದಾತ' ಕಾಲಂನಲ್ಲಿ ಏಜೆನ್ಸಿಯನ್ನು ಬಿಟ್ಟು ವಿಶ್ವವಿದ್ಯಾಲಯ ಮಾತ್ರ ಬರೆಯುವುದು. ಕೊನೆಯದಕ್ಕೆ ಎರಡನ್ನೂ ಬರೆಯಿರಿ: ಉದ್ಯೋಗದಾತ ಏಜೆನ್ಸಿ, ಮೂಲ ಉದ್ಯೋಗದಾತ (ಏಜೆನ್ಸಿಯ ಮೂಲಕ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆ) ವಿಶ್ವವಿದ್ಯಾಲಯ. ಅರ್ಜಿ ಕೊಟ್ಟ ದಿನ ಸ್ವೀಕೃತಿ ಮೊಹರು ಬೀಳದ ಪ್ರತಿಯನ್ನು ಕೈಯಲ್ಲಿ ಹಿಡಿದು ವಾಪಸು ಬರಬೇಡಿ.

ಪ್ರಮಾಣಪತ್ರ ಸಿಕ್ಕ ಮೇಲೆ ಸಂಘದ ಹೆಸರಿನಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಇಬ್ಬರ ಸಹಿ, ಅದರಲ್ಲಿ ಖಜಾಂಚಿಯದು ಕಡ್ಡಾಯ. ಯಾರದೋ ವೈಯಕ್ತಿಕ ಫೋನ್‌ಪೇಗೆ ವಂತಿಗೆ ಹಾಕಿಸಿಕೊಳ್ಳುವುದು ಮೂರು ತಿಂಗಳಲ್ಲಿ ಜಗಳ ತರುತ್ತದೆ.

ಮೊದಲ ಬೇಡಿಕೆ: ವೇತನದ ಚೀಟಿ

ಹೊಸ ಸಂಘ ಗೆಲ್ಲಬಹುದಾದ ಒಂದು ಸಣ್ಣ, ಲೆಕ್ಕಕ್ಕೆ ಸಿಗುವ ವಿಷಯದಿಂದ ಶುರುಮಾಡಬೇಕು. ಹೊರಗುತ್ತಿಗೆಯವರ ಕಡಿತವೇ ಅದು. ತಿಂಗಳಿಗೆ 15,000 ರೂಪಾಯಿ ವೇತನ ಎಂದುಕೊಳ್ಳಿ. ನೌಕರರ ಪಾಲಿನ ಭವಿಷ್ಯನಿಧಿ ಶೇ. 12, ಅಂದರೆ 1,800. ಇಎಸ್‌ಐ ಅನ್ವಯಿಸಿದರೆ ಶೇ. 0.75, ಸುಮಾರು 113. ಕೈಗೆ 13,087 ಬರಬೇಕು. 10,800 ಬರುತ್ತಿದೆ ಎಂದರೆ ಏಜೆನ್ಸಿ ತಾನು ಕೊಡಬೇಕಾದ ಶೇ. 12 ಮತ್ತು ಶೇ. 3.25 ಪಾಲನ್ನೂ ನಿಮ್ಮಿಂದಲೇ ಕತ್ತರಿಸುತ್ತಿದೆ. ಇದು ಕಾನೂನುಬಾಹಿರ. ಇನ್ನೂ ಕೆಟ್ಟದ್ದು, ಕತ್ತರಿಸಿದ ಹಣ ಖಾತೆಗೇ ಹೋಗದಿರುವುದು. ಪ್ರತಿ ಸದಸ್ಯರ ಯುಎಎನ್ (ಭವಿಷ್ಯನಿಧಿಯ ಸದಸ್ಯ ಸಂಖ್ಯೆ) ಪಾಸ್‌ಬುಕ್ ತೆಗೆಸಿ ಹನ್ನೆರಡು ತಿಂಗಳ ಜಮೆ ತಾಳೆ ನೋಡಿ. ಏಜೆನ್ಸಿ ಸಂಬಳ ಕೊಡದೆ ಕೈಚೆಲ್ಲಿದರೆ ಮೂಲ ಉದ್ಯೋಗದಾತ ಕೊಡಬೇಕು ಎಂಬುದು ಗುತ್ತಿಗೆ ಕಾರ್ಮಿಕರ ಕಾನೂನಿನ ಹಳೆಯ ಮತ್ತು ಗಟ್ಟಿಯಾದ ನಿಯಮ, ಹೊಸ ಸಂಹಿತೆಯಲ್ಲೂ ಉಳಿದಿದೆ.

ಟೆಂಡರ್ ಷರತ್ತು ಮತ್ತು ಕಾರ್ಯಾದೇಶದ ಪ್ರತಿ ನಿಮಗೆ ಬೇಕು. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಕೇಳಿ. ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿ 150 ಪದ ಮೀರಬಾರದು, ವಿಷಯ ಒಂದೇ ಇರಬೇಕು. ಆದ್ದರಿಂದ ಕಾರ್ಯಾದೇಶಕ್ಕೊಂದು, ಏಜೆನ್ಸಿಗೆ ಪಾವತಿಸಿದ ಬಿಲ್ಲುಗಳಿಗೊಂದು, ಮಂಜೂರಾದ ಹುದ್ದೆಗಳ ಪಟ್ಟಿಗೊಂದು ಹೀಗೆ ಮೂರು ಅರ್ಜಿ ಹಾಕಿ.

ಎಲ್ಲ ಬೇಡಿಕೆಯನ್ನೂ ಒಂದೇ ಮನವಿಯಲ್ಲಿ ತುಂಬಿ ಕುಲಪತಿಗಳಿಗೆ ಕೊಟ್ಟರೆ ಅದು 'ಸೂಕ್ತ ಕ್ರಮಕ್ಕಾಗಿ' ಎಂಬ ಷರಾ ಹೊತ್ತು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಸಂಬಳದ ದಿನಾಂಕ, ಕಡಿತ, ವಾರದ ರಜೆ ಕುಲಸಚಿವರು ಮತ್ತು ಏಜೆನ್ಸಿಗೆ. ಟೆಂಡರ್ ಷರತ್ತು, ಏಜೆನ್ಸಿ ಬದಲಾದರೂ ಹಳಬರನ್ನು ಮುಂದುವರಿಸುವುದು ಹಣಕಾಸು ಅಧಿಕಾರಿ ಮತ್ತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿಗೆ. ಹುದ್ದೆ ಮಂಜೂರಾತಿ, ಅತಿಥಿ ಉಪನ್ಯಾಸಕರ ಗೌರವಧನ ಉನ್ನತ ಶಿಕ್ಷಣ ಇಲಾಖೆಗೆ. ಪ್ರತಿಯೊಂದಕ್ಕೂ ಒಂದು ಪುಟದ ಬೇರೆ ಪತ್ರ, ಬೇಡಿಕೆ ಎರಡಕ್ಕಿಂತ ಹೆಚ್ಚಿಲ್ಲ, ಕೆಳಗೆ ದಾಖಲೆಗಳ ಪಟ್ಟಿ. ಟಪಾಲು ವಿಭಾಗದಲ್ಲಿ ಕೊಟ್ಟು ಸಂಖ್ಯೆ ಪಡೆಯಿರಿ. ಮೌಖಿಕ ಭರವಸೆ ಸಿಕ್ಕರೆ ಅದೇ ಸಂಜೆ "ತಾವು ಈ ದಿನ ಹೀಗೆ ತಿಳಿಸಿದ್ದೀರಿ" ಎಂದು ವಿನಯದಿಂದ ಪತ್ರ ಬರೆದು ದಾಖಲಿಸಿ.

ಮಾತುಕತೆ, ದೂರು ಸಮಿತಿ, ಮುಷ್ಕರ

20 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಸದಸ್ಯರು 10ಕ್ಕೆ ಮೀರಬಾರದು, ಆಡಳಿತದವರೂ ನೌಕರರೂ ಸಮ, ಮಹಿಳೆಯರು ಸಿಬ್ಬಂದಿಯಲ್ಲಿರುವ ಪ್ರಮಾಣಕ್ಕೆ ಕಡಿಮೆ ಇಲ್ಲದಂತೆ. ದೂರಿಗೆ ಒಂದು ವರ್ಷದ ಗಡುವು, ಸಮಿತಿಗೆ ತೀರ್ಮಾನಿಸಲು 30 ದಿನ. ಸಮಿತಿ ಇಲ್ಲದಿದ್ದರೆ ಅದನ್ನು ರಚಿಸಿ ಎಂಬುದೇ ನಿಮ್ಮ ಎರಡನೇ ಪತ್ರವಾಗಲಿ.

ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ ಹಾಜರಿ ಪಟ್ಟಿಯ ಶೇ. 51 ಜನರ ಬೆಂಬಲ ಇರುವುದೇ ಏಕೈಕ ಸಂಧಾನ ಸಂಘ, ಅಂದರೆ ಎಲ್ಲರ ಪರವಾಗಿ ಆಡಳಿತದೊಡನೆ ಮಾತುಕತೆಗೆ ಕೂರುವ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20 ಇರುವ ಸಂಘಗಳ ಸಂಧಾನ ಮಂಡಳಿ. ಬೋಧಕೇತರರದೊಂದು, ಹೊರಗುತ್ತಿಗೆಯವರದೊಂದು ಎಂದು ಎರಡು ಸಂಘ ಕಟ್ಟಿಕೊಂಡವರು ಈ ಲೆಕ್ಕದ ಮುಂದೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಮುಷ್ಕರಕ್ಕೆ ಸಂವಿಧಾನದ ಮೂಲಭೂತ ಹಕ್ಕಿನ ಬಲವಿಲ್ಲ, ಕಾನೂನು ಕೊಟ್ಟಷ್ಟೇ ಜಾಗ. ನೋಟಿಸ್ ಕೊಟ್ಟು 14 ದಿನ ಕಾಯಬೇಕು, ಒಂದು ನೋಟಿಸಿನ ಆಯುಷ್ಯ 60 ದಿನ. ಸಂಧಾನ ನಡೆಯುತ್ತಿರುವಾಗ ಮತ್ತು ಮುಗಿದ 7 ದಿನದೊಳಗೆ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಅಥವಾ ಹೆಚ್ಚು ಜನ ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಈಗ ಅದು ಮುಷ್ಕರವೇ, 'ಸಾಮೂಹಿಕ ರಜೆ' ಎಂಬ ಹಳೆಯ ಉಪಾಯ ನಡೆಯದು. ಕಾನೂನುಬಾಹಿರ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಸೆರೆ, ಎರಡೂ ಆಗಬಹುದು. ಹೊರಗುತ್ತಿಗೆಯವರ ಮಟ್ಟಿಗೆ ಅದಕ್ಕೂ ಮೊದಲೇ ಏಜೆನ್ಸಿಯ ಫೋನ್ ಬರುತ್ತದೆ: "ನಾಳೆಯಿಂದ ಬರಬೇಡಿ." ಆದ್ದರಿಂದ ಊಟದ ವಿರಾಮದ ಸಭೆ, ಕಪ್ಪು ಪಟ್ಟಿ, ಕೆಲಸದ ಅವಧಿ ಮುಗಿದ ಮೇಲಿನ ಧರಣಿ ಇವನ್ನೆಲ್ಲ ಮುಗಿಸಿ, ಸಂಧಾನಾಧಿಕಾರಿಯ ಮುಂದೆ ಒಂದು ಸುತ್ತು ಕೂತು ಬಂದ ಮೇಲೆ ಮಾತ್ರ ಮುಷ್ಕರದ ವಿಷಯ ಮಹಾಸಭೆಗೆ ತನ್ನಿ. ಗುಪ್ತ ಮತದಾನ ಇಡಿ. ಸಂಘಕ್ಕೆ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುತ್ತೇವೆಂದು ಬೆದರಿಸುವುದು ಅನುಚಿತ ಕಾರ್ಮಿಕ ಪದ್ಧತಿ. ಅಂಥ ಫೋನ್ ಬಂದ ದಿನಾಂಕ, ಗಂಟೆ, ಆಡಿದ ಮಾತು ಎಲ್ಲವನ್ನೂ ಅಂದೇ ನಡಾವಳಿ ಪುಸ್ತಕಕ್ಕೆ ಏರಿಸಿ.

ಲೆಕ್ಕದ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ, ಸರ್ಕಾರಿ ಕಚೇರಿಗಳಂತೆ ಮಾರ್ಚ್ 31ಕ್ಕಲ್ಲ. ಈ ಒಂದು ಗೊಂದಲದಿಂದಲೇ ಅನೇಕ ಸಂಘಗಳ ವಾರ್ಷಿಕ ವರದಿ ತಪ್ಪಿ ನೋಂದಣಿಗೆ ಕುತ್ತು ಬರುತ್ತದೆ. ಜನವರಿಯಲ್ಲಿ ಖಜಾಂಚಿ ಕಾಫಿ ಕುಯ್ಲಿನಲ್ಲಿ ಇದ್ದರೂ ರಸೀದಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್ ಮೂರನ್ನೂ ಲೆಕ್ಕಪರಿಶೋಧಕರಿಗೆ ಒಪ್ಪಿಸಿಬಿಡಿ, ಫೆಬ್ರವರಿಯಲ್ಲಿ ಸಮಿತಿಯ ಮುಂದೆ ಇಡಿ, ಮಾರ್ಚ್‌ನ ಮಹಾಸಭೆಯಲ್ಲಿ ಓದಿ, ಏಪ್ರಿಲ್ ಮುಗಿಯುವುದರೊಳಗೆ ನೋಂದಣಾಧಿಕಾರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಆ ವರ್ಷ ಸೇರಿದವರು, ಬಿಟ್ಟವರು, ಪದಾಧಿಕಾರಿಗಳ ಬದಲಾವಣೆ, ನಿಯಮ ತಿದ್ದುಪಡಿ ಇದ್ದರೆ ಅದರ ಪ್ರತಿ ಎಲ್ಲವೂ ಅದರೊಳಗೆ ಇರಬೇಕು.